1.2 ಪಾಲಿಯೋಗೆ ಲಿನಿಯಾ ಟಿ-ಜೆಟ್ ಎಂಜಿನ್: ಯಾರಾದರೂ ಕೈ ಹಾಕಿದ್ದೀರಾ?

ಪಾಲಿಯೋ_ಹಾಸನ
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 2004ರ ಫಿಯಟ್ ಪಾಲಿಯೋ 1.2 ಇದೆ. ಅಪ್ಪ ತೆಗೆದುಕೊಂಡ ಗಾಡಿ. ಬಾಡಿ ಗಟ್ಟಿಯಾಗಿದೆ, ತುಕ್ಕು ಹಿಡಿದಿಲ್ಲ. ಬಾಗಿಲು ಹಾಕಿದರೆ ಈಗಲೂ ಬೀರು ಹಾಕಿದ ಹಾಗೆ ಸದ್ದು ಬರುತ್ತದೆ. ಬಡಪಾಯಿ ಎಂದರೆ ಎಂಜಿನ್ ಒಂದೇ. ಮಂಗಳೂರಿನಿಂದ ವಾಪಸ್ ಬರುವಾಗ ನಾಲ್ಕು ಜನ ಕೂತು ಎಸಿ ಹಾಕಿದರೆ ಶಿರಾಡಿಯಲ್ಲಿ ಎರಡನೇ ಗೇರೇ ಗತಿ. ಹಿಂದಿನ ಬಸ್ಸಿನವನ ಹಾರ್ನ್ ಸಕಲೇಶಪುರದವರೆಗೆ ಕೇಳಿಸುತ್ತದೆ.

ಫಿಯಟ್‌ನದೇ ಇನ್ನೊಂದು ಕಾರು ಲಿನಿಯಾ ಟಿ-ಜೆಟ್, ಅದರ ಎಂಜಿನ್ ಹಾಕಿದರೆ ಹೇಗೆ ಅಂತ ಯೋಚನೆ. 1368 ಸಿಸಿ ಟರ್ಬೊ ಪೆಟ್ರೋಲ್, 114 ಪಿಎಸ್, 207 ನ್ಯೂಟನ್ ಮೀಟರ್. ಎರಡೂ ಫಿಯಟ್‌ನ ಫೈರ್ ಎಂಜಿನ್ ಮನೆತನದವೇ. ಹಾಗಾಗಿ ಸುಲಭವಾಗಿ ಕೂರುತ್ತದೆ ಎಂದು ಒಬ್ಬ ಮೆಕ್ಯಾನಿಕ್ ಹೇಳಿದ. ಗುಜರಿಯಲ್ಲಿ ಬರೀ ಎಂಜಿನ್ 45 ಸಾವಿರಕ್ಕೆ ಕೊಡುತ್ತೇನೆ ಅನ್ನುತ್ತಿದ್ದಾರೆ. ತೆಗೆದುಕೊಳ್ಳಲಾ?

ಬೂಸ್ಟ್_ಬೇಕು
ಗುರು, ಅಷ್ಟೆಲ್ಲ ಯಾಕೆ? ಇರುವ 1.2ಕ್ಕೇ ಒಂದು ಟರ್ಬೊ ಸಿಕ್ಕಿಸಿ ಬಿಡಿ. ಕಿಟ್ ಸಿಗುತ್ತದೆ. ಎರಡು ವಾರಾಂತ್ಯದ ಕೆಲಸ.

ಕುಡ್ಲ_ಸರ್ವಿಸ್
ಮೂರನೇ ವಾರಾಂತ್ಯಕ್ಕೆ ಪಿಸ್ಟನ್ ತೂತು. ಟರ್ಬೊ ಎಂದರೆ ಹೊರಗೆ ಸಿಕ್ಕಿಸುವ ಫ್ಯಾನ್ ಅಲ್ಲ ಮಾರಾಯ, ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ ಒಳಗೆ ಗಾಳಿ ತುರುಕುವ ಯಂತ್ರ. ಹೆಚ್ಚು ಗಾಳಿ ಹೋದರೆ ಅದಕ್ಕೆ ತಕ್ಕ ಪೆಟ್ರೋಲ್ ಹೋಗಬೇಕು, ಕಿಡಿ ಹತ್ತುವ ಹೊತ್ತು ಬದಲಾಗಬೇಕು, ಬಿಸಿ ಹೊರಗೆ ಹೋಗಬೇಕು. ಒಂದು ತಪ್ಪಿದರೂ ಮಿಶ್ರಣ ತಾನಾಗಿಯೇ ಸಿಡಿಯುತ್ತದೆ. ಒಳಗೆ ಸುತ್ತಿಗೆಯಲ್ಲಿ ಹೊಡೆದ ಹಾಗೆ ಟಣ್ ಟಣ್ ಅಂತ ನಾಕಿಂಗ್ ಶುರುವಾಗುತ್ತದೆ. ಕಂಪನಿಯವರು ಟಿ-ಜೆಟ್ ಮಾಡುವಾಗ ಈ ಲೆಕ್ಕವನ್ನೆಲ್ಲ ಮೊದಲೇ ಹಾಕಿದ್ದಾರೆ. ಎಂಜಿನ್ ಬದಲಿಸುವುದರ ಲಾಭ ಇರುವುದೇ ಅಲ್ಲಿ.

ಪಾಲಿಯೋ_ಹಾಸನ ಅವರಿಗೆ ಒಂದು ಮಾತು. ನಾನು ಹತ್ತು ವರ್ಷ ರ್‍ಯಾಲಿ ಗಾಡಿಗಳ ಸರ್ವಿಸ್ ತಂಡದಲ್ಲಿ ಇದ್ದವನು. ಬರೀ ಎಂಜಿನ್ ತೆಗೆದುಕೊಳ್ಳಬೇಡಿ. ಹಿಂದಿನಿಂದ ಗುದ್ದಿಸಿಕೊಂಡ ಪೂರ್ತಿ ಲಿನಿಯಾ ಹುಡುಕಿ, ಓಡುವ ಸ್ಥಿತಿಯಲ್ಲಿರುವುದು. ಎಂಜಿನ್ ಮಾತ್ರ ತಂದರೆ ಆಮೇಲೆ ಟರ್ಬೊ ಗಾಳಿ ತಣಿಸುವ ಇಂಟರ್‌ಕೂಲರ್ ಒಂದು ಕಡೆ, ಎಂಜಿನ್ ನಡೆಸುವ ಕಂಪ್ಯೂಟರ್ ಅಂದರೆ ಇಸಿಯು ಒಂದು ಕಡೆ, ಎರಡು ಬೋಲ್ಟಿಗೆ ಪುಣೆಗೆ ಫೋನ್. ಫಿಯಟ್ ಕಾರು ಮಾರುವುದನ್ನು ಇಲ್ಲಿ ನಿಲ್ಲಿಸಿ ವರ್ಷಗಳಾದವು. ಸಣ್ಣ ಸಾಮಾನಿಗೇ ಜಾಸ್ತಿ ಅಲೆಯಬೇಕಾಗುವುದು.

ಪಾಲಿಯೋ_ಹಾಸನ
ಪೂರ್ತಿ ಗಾಡಿ ಅಂದರೆ ದುಡ್ಡು ಜಾಸ್ತಿ ಆಗುವುದಿಲ್ಲವಾ ಅಣ್ಣ?

ಕುಡ್ಲ_ಸರ್ವಿಸ್
ಮೊದಲ ದಿನ ಜಾಸ್ತಿ, ಕೊನೆಯ ದಿನ ಕಡಿಮೆ. ಉಳಿದ ಬಾಗಿಲು, ಸೀಟು, ಲೈಟು ಮಾರಿದರೆ ಅರ್ಧ ದುಡ್ಡು ವಾಪಸ್ ಬರುತ್ತದೆ. ಅದಕ್ಕಿಂತ ಮುಖ್ಯ ಅಂದರೆ ಎಂಜಿನ್ ಓಡುವುದನ್ನು ಕಣ್ಣಾರೆ ನೋಡಿ ತೆಗೆದುಕೊಳ್ಳುತ್ತೀರಿ. ನಾಲ್ಕೂ ಸಿಲಿಂಡರ್ ಕಂಪ್ರೆಷನ್ ನೋಡಿ. ಇಂಟರ್‌ಕೂಲರ್ ಪೈಪ್ ಬಿಚ್ಚಿ ಒಳಗೆ ಬೆರಳಾಡಿಸಿ. ಎಣ್ಣೆ ತೇವ ಸ್ವಲ್ಪ ಇದ್ದರೆ ಪರವಾಗಿಲ್ಲ, ಸೋರುವಷ್ಟಿದ್ದರೆ ಬೇಡ. ಟರ್ಬೊ ಚಕ್ರ ಹಿಡಿದು ಹಿಂದೆ ಮುಂದೆ ಎಳೆದು ನೋಡಿ. ಆ ದಿಕ್ಕಿನಲ್ಲಿ ಅಲುಗಾಟ ಇದ್ದರೆ ಬೇರಿಂಗ್ ಹೋಗಿದೆ ಎಂದರ್ಥ.

ಎಂಜಿನ್ ಹೊರಗಿರುವಾಗಲೇ ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಕ್ಲಚ್ ಎಲ್ಲ ಹೊಸದು ಹಾಕಿಸಿ. ಒಳಗೆ ಕೂರಿಸಿದ ಮೇಲೆ ಕೈ ತೂರಿಸಲೂ ಜಾಗ ಇರುವುದಿಲ್ಲ.

ಆರ್‌ಸಿ_ಪುಸ್ತಕ
ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ಮೋಟಾರು ವಾಹನ ಕಾಯ್ದೆ 1988, ಕಲಂ 52 ಓದಿದ್ದೀರಾ? ಕಂಪನಿ ಹೇಗೆ ಮಾಡಿ ಕೊಟ್ಟಿದೆಯೋ ಆ ವಿವರಕ್ಕೆ ಆರ್‌ಸಿ ತಾಳೆಯಾಗದ ಹಾಗೆ ಗಾಡಿಯನ್ನು ಮಾಲೀಕ ಬದಲಿಸುವಂತಿಲ್ಲ. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಗೆ ಬದಲಾಯಿಸುವಂಥ ಕೆಲವಕ್ಕೆ ಮಾತ್ರ ದಾರಿ ಬಿಟ್ಟಿದ್ದಾರೆ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೇರಿತು. ಒಪ್ಪಿಗೆಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು.

ದಂಡ ಬಿಡಿ, ಕಟ್ಟಬಹುದು. ನನಗೆ ಭಯ ಇನ್ಶೂರೆನ್ಸ್ ವಿಷಯದಲ್ಲಿ. ಆರ್‌ಸಿಯಲ್ಲಿ 1242 ಸಿಸಿ, ಬಾನೆಟ್ ಒಳಗೆ 1368 ಸಿಸಿ ಟರ್ಬೊ. ನಾಳೆ ಯಾರಿಗೋ ತಾಗಿತು ಅಂದುಕೊಳ್ಳಿ. ಕಂಪನಿಯವರು ಎಂಜಿನ್ ನಂಬರ್ ಉಜ್ಜಿ ನೋಡಿದರೆ ಕಥೆ ಮುಗಿಯಿತು. ಎದುರಿಗಿನವರ ಪರಿಹಾರ ಕೊನೆಗೆ ನಿಮ್ಮ ಮನೆ ಬಾಗಿಲಿಗೇ ಬರಬಹುದು.

ಬೂಸ್ಟ್_ಬೇಕು
ಸಾರ್, ಬಾನೆಟ್ ಎತ್ತಿ ನೋಡುವ ಪೊಲೀಸ್ ಇನ್ನೂ ಹುಟ್ಟಿಲ್ಲ 😄

ಆರ್‌ಸಿ_ಪುಸ್ತಕ
ಇನ್ಶೂರೆನ್ಸ್ ಸರ್ವೇಯರ್ ಹುಟ್ಟಿದ್ದಾನಪ್ಪ. ಬಾನೆಟ್ ಎತ್ತುವುದಕ್ಕೇ ಅವನಿಗೆ ಸಂಬಳ.

ಸ್ಟುಟ್‌ಗಾರ್ಟ್_ಕನ್ನಡಿಗ
ಇಲ್ಲಿ ಜರ್ಮನಿಯಲ್ಲಿ ಇದಕ್ಕೊಂದು ದಾರಿ ಇದೆ. ಎಂಜಿನ್ ಬದಲಿಸಿ ಟಿಯುವಿ ತಪಾಸಣೆಗೆ ಒಯ್ಯಬೇಕು. ಹೊಗೆ, ಸದ್ದು, ಬ್ರೇಕ್ ಎಲ್ಲ ನೋಡಿ ಒಪ್ಪಿಗೆಯಾದರೆ ಗಾಡಿಯ ಕಾಗದದಲ್ಲೇ ಹೊಸ ಎಂಜಿನ್ ಬರೆದು ಕೊಡುತ್ತಾರೆ. ನನ್ನ ಸಹೋದ್ಯೋಗಿ ಹಳೇ ಗಾಲ್ಫ್‌ಗೆ ಹಾಗೆ ಮಾಡಿಸಿದ. ಎಂಜಿನ್ ಕೂರಿಸಲು ಒಂದು ತಿಂಗಳು ಹಿಡಿಯಿತು, ತಪಾಸಣೆ ಪಾಸಾಗಲು ಎಂಟು ತಿಂಗಳು. ಪವರ್ ಜಾಸ್ತಿಯಾದರೆ ಬ್ರೇಕ್ ಕೂಡ ದೊಡ್ಡದಾಗಬೇಕು ಎಂದು ಮೊದಲ ಸಲ ವಾಪಸ್ ಕಳಿಸಿದರಂತೆ.

ಹಳೇ_ಪದ್ಮಿನಿ
ಈ ಬ್ರೇಕ್ ಮಾತು ಬಂದಿದ್ದು ಒಳ್ಳೆಯದಾಯಿತು. ನನಗೀಗ ಅರವತ್ತೆರಡು. ಈ ಹುಚ್ಚು ನಮ್ಮ ಕಾಲದಲ್ಲೂ ಇತ್ತು. ಮಲೆನಾಡಿನಲ್ಲಿ ಜೀಪಿಗೆ ಯಾವುದೋ ವ್ಯಾನಿನ ಡೀಸೆಲ್ ಎಂಜಿನ್ ಹಾಕಿಸದ ತೋಟದವರೇ ಇರಲಿಲ್ಲ. ಅಂಬಾಸಿಡರ್‌ಗೆ ಇಸುಜು 1.8 ಎಂಜಿನ್ ಅನ್ನು ಕಂಪನಿಯೇ ಹಾಕಿ ಮಾರಿತು. ನನ್ನದು ಪ್ರೀಮಿಯರ್ ಪದ್ಮಿನಿ, 1089 ಸಿಸಿ. ಅದಕ್ಕೆ 118ಎನ್‌ಇ ಗಾಡಿಯ ನಿಸಾನ್ ಎ12 ಎಂಜಿನ್ ಹಾಕಿಸಿದೆ. 1171 ಸಿಸಿ ಅಷ್ಟೆ, ಆದರೆ ಗಾಡಿ ಹುಡುಗಾಯಿತು.

ಹತ್ತುವಾಗ ಹಿಗ್ಗಿದೆ. ಚಾರ್ಮಾಡಿ ಇಳಿಯುವಾಗ ಬುದ್ಧಿ ಬಂತು. ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ವೇಗ ಮೊದಲಿಗಿಂತ ಜಾಸ್ತಿ, ಬ್ರೇಕ್ ಮೊದಲಿನದೇ. ಐದಾರು ತಿರುವು ಆದ ಮೇಲೆ ಪೆಡಲ್ ಒತ್ತಿದರೆ ಮರದ ಹಲಗೆ ಒತ್ತಿದ ಹಾಗೆ, ಗಾಡಿ ನಿಲ್ಲಲೊಲ್ಲದು. ಲೈನರ್ ಸುಟ್ಟ ವಾಸನೆ. ಹೆಂಡತಿ ಪಕ್ಕದಲ್ಲಿದ್ದಳು. ಅವತ್ತಿನಿಂದ ಆ ಗಾಡಿ ಹತ್ತಲಿಲ್ಲ, ಮಾರುವವರೆಗೆ.

ತಮ್ಮಾ, ಲಿನಿಯಾ ಟಿ-ಜೆಟ್‌ಗೆ ನಾಲ್ಕೂ ಡಿಸ್ಕ್ ಇದೆ. ಎಂಜಿನ್ ತೆಗೆಯುವವನು ಅದನ್ನೂ ತೆಗೆ.

ಪಾಲಿಯೋ_ಹಾಸನ
ಎಲ್ಲರ ಮಾತೂ ಓದಿದೆ. ಆರ್‌ಸಿ ವಿಷಯ ತಲೆ ಕೆಡಿಸಿತು, ಎರಡು ರಾತ್ರಿ ನಿದ್ದೆ ಇಲ್ಲ. ಆಮೇಲೆ ಒಂದು ತೀರ್ಮಾನಕ್ಕೆ ಬಂದೆ. ಪಾಲಿಯೋ ಇನ್ನು ರಸ್ತೆಗೆ ಇಳಿಯುವುದಿಲ್ಲ. ಆರ್‌ಸಿ ರದ್ದು ಮಾಡಿಸಿ, ಮಣ್ಣಿನ ಟ್ರ್ಯಾಕ್ ಮತ್ತು ಖಾಸಗಿ ಜಾಗಕ್ಕೆ ಮಾತ್ರ ಇಟ್ಟುಕೊಳ್ಳುತ್ತೇನೆ. ಚಿಕ್ಕಮಗಳೂರು ಹತ್ತಿರ ಗೆಳೆಯನ ತೋಟದೊಳಗೆ ಎರಡೂವರೆ ಕಿಲೋಮೀಟರ್ ಮಣ್ಣಿನ ರಸ್ತೆ ಇದೆ. ಶಿರಾಡಿಯ ಆಸೆ ಬಿಟ್ಟೆ.

ಬೆಂಗಳೂರಿನಲ್ಲಿ ಒಂದು 2011ರ ಲಿನಿಯಾ ಟಿ-ಜೆಟ್ ಸಿಕ್ಕಿದೆ. ಡಿಕ್ಕಿ ಪೂರ್ತಿ ಅಪ್ಪಚ್ಚಿ, ಮುಂಭಾಗಕ್ಕೆ ಗೀರೂ ಇಲ್ಲ. ಸ್ಟಾರ್ಟ್ ಆಗುತ್ತದೆ. 1 ಲಕ್ಷ 10 ಸಾವಿರ ಕೇಳುತ್ತಿದ್ದಾರೆ.

ಕುಡ್ಲ_ಸರ್ವಿಸ್
ಚಾಸಿ ನಂಬರ್, ಎಂಜಿನ್ ನಂಬರ್ ಆರ್‌ಸಿಗೆ ತಾಳೆ ನೋಡಿ. ಸಾಲದ ಬಾಕಿ ಇದೆಯಾ, ಇನ್ಶೂರೆನ್ಸ್‌ನವರು ಟೋಟಲ್ ಲಾಸ್ ಎಂದು ಬರೆದ ಕಾಗದ ಇದೆಯಾ ಕೇಳಿ. 95ಕ್ಕೆ ಮುಗಿಸಿ.

ಪಾಲಿಯೋ_ಹಾಸನ
97ಕ್ಕೆ ಮುಗಿಯಿತು. ಟೋಯಿಂಗ್ ಬೇರೆ.

ಬೂಸ್ಟ್_ಬೇಕು
ಒಂದು ಡೌಟು. ಲಿನಿಯಾದಲ್ಲೂ 114 ಪಿಎಸ್, ಪಾಲಿಯೋದಲ್ಲೂ ಅದೇ 114. ಹಾಗಾದರೆ ಡಿಕ್ಕಿ ಸರಿ ಮಾಡಿಸಿ ಲಿನಿಯಾವನ್ನೇ ಓಡಿಸಬಹುದಲ್ವಾ?

ಕುಡ್ಲ_ಸರ್ವಿಸ್
ಮೊದಲ ಸಲ ಒಳ್ಳೆಯ ಪ್ರಶ್ನೆ ಕೇಳಿದೆ ನೀನು. ಲಿನಿಯಾ 1200 ಕೆಜಿಗಿಂತ ಮೇಲೆ. ಪಾಲಿಯೋ ಒಂದು ಟನ್ನಿನ ಆಸುಪಾಸು, ಒಳಗಿನ ಸೀಟು ಮ್ಯಾಟು ಕಿತ್ತರೆ ಇನ್ನೂ ಹಗುರ. ಅದೇ ಎತ್ತು, ಸಣ್ಣ ಗಾಡಿ. ಜೊತೆಗೆ ಹಾಸನ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ಸಾವಿರ ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಗಾಳಿ ತೆಳು. ಟರ್ಬೊ ಇಲ್ಲದ ಎಂಜಿನ್ ಸುಮಾರು ನೂರಕ್ಕೆ ಹತ್ತು ಭಾಗ ಪವರ್ ಕಳೆದುಕೊಂಡೇ ಓಡುವುದು. ಅಂದರೆ ಇವರ 1.2 ಇಷ್ಟು ದಿನ ಕಂಪನಿ ಹೇಳಿದ ಪವರ್ ಕೂಡ ಪೂರ್ತಿ ಕೊಟ್ಟಿಲ್ಲ. ಟರ್ಬೊ ಆದರೆ ಇನ್ನಷ್ಟು ಜೋರಾಗಿ ತಿರುಗಿ ಆ ಕೊರತೆಯನ್ನು ಬಹುಪಾಲು ತುಂಬಿಕೊಳ್ಳುತ್ತದೆ.

ಹಳೇ_ಪದ್ಮಿನಿ
ನಾನಾಗಿದ್ದರೆ ಲಿನಿಯಾ ರಿಪೇರಿ ಮಾಡಿಸಿ ಹಾಯಾಗಿ ಓಡಿಸುತ್ತಿದ್ದೆ. ಆದರೆ ಇಪ್ಪತ್ತೆಂಟನೇ ವಯಸ್ಸಿನಲ್ಲಿ ನನಗೆ ಯಾರಾದರೂ ಹೀಗೆ ಹೇಳಿದ್ದರೆ ಕೇಳುತ್ತಿರಲಿಲ್ಲ.

ಪಾಲಿಯೋ_ಹಾಸನ (ಆರು ವಾರದ ನಂತರ)
ಕೆಲಸದ ವರದಿ. ಎರಡೂ ಎಂಜಿನ್ ಕೆಳಗಿಳಿದಿವೆ. ಶೆಡ್ಡಿನ ತೊಲೆಗೆ ಚೈನ್ ಪುಲ್ಲಿ ಕಟ್ಟಿ ಇಳಿಸಿದೆವು. ಒಂದೇ ಮನೆತನ ಎಂದು ಮೆಕ್ಯಾನಿಕ್ ಹೇಳಿದ್ದು ಸುಳ್ಳಲ್ಲ, ಬ್ಲಾಕ್ ನೋಡಿದರೆ ಅಣ್ಣ ತಮ್ಮ ಅನ್ನಬಹುದು. ಆದರೆ ಎಂಜಿನ್ ಅನ್ನು ಬಾಡಿಗೆ ಹಿಡಿಸುವ ಮೌಂಟ್ ಬ್ರಾಕೆಟ್ ಕೂರಲಿಲ್ಲ. ಮೊದಲು ರಟ್ಟಿನಲ್ಲಿ ಅಳತೆ ತೆಗೆದು, ಆಮೇಲೆ ತಗಡಿನಲ್ಲಿ ಮಾಡಿ ನೋಡಿ, ಕೊನೆಗೆ 8 ಎಂಎಂ ಪ್ಲೇಟಿನಲ್ಲಿ ಕತ್ತರಿಸಿದೆವು. ಗೇರ್‌ಬಾಕ್ಸ್ ಲಿನಿಯಾದ್ದೇ ಇಟ್ಟುಕೊಂಡೆ. ಹಳೇ ಗೇರ್‌ಬಾಕ್ಸ್ ನೂರು ನ್ಯೂಟನ್ ಮೀಟರ್ ಆಸುಪಾಸಿಗೆ ಮಾಡಿದ್ದು, ಇದು ಅದರ ದುಪ್ಪಟ್ಟು.

ಈಗ ಸಿಕ್ಕಿಹಾಕಿಕೊಂಡಿರುವುದು ಆಕ್ಸಲ್‌ನಲ್ಲಿ. ಗೇರ್‌ಬಾಕ್ಸ್ ಕಡೆಯ ಜಾಯಿಂಟ್ ಲಿನಿಯಾದ್ದು, ಚಕ್ರದ ಕಡೆಯದು ಪಾಲಿಯೋದ್ದು. ಉದ್ದವೂ ಬೇರೆ. ಎರಡೂ ಆಕ್ಸಲ್ ಕತ್ತರಿಸಿ ನಡುವೆ ವೆಲ್ಡ್ ಮಾಡಿಕೊಡುತ್ತೇನೆ ಎಂದು ಲೇತ್‌ನವರು ಹೇಳುತ್ತಿದ್ದಾರೆ.

ಕುಡ್ಲ_ಸರ್ವಿಸ್
ಬೇಡ, ಬೇಡ, ಬೇಡ. ಆಕ್ಸಲ್ ಎಂದರೆ ಹದ ಕೊಟ್ಟ ಉಕ್ಕು. ವೆಲ್ಡ್ ಬಿಸಿ ತಾಗಿದ ಜಾಗದಲ್ಲಿ ಹದ ಹೋಗುತ್ತದೆ. ಮೂರನೇ ಗೇರಿನಲ್ಲಿ ಬೂಸ್ಟ್, ಅಂದರೆ ಟರ್ಬೊ ತುರುಕುವ ಗಾಳಿಯ ಒತ್ತಡ, ಏರುವಾಗ ಅದು ಅಲ್ಲೇ ತಿರುಚಿ ತುಂಡಾಗುವುದು. ತುಂಡಾದ ಆಕ್ಸಲ್ ಬಾರುಕೋಲಿನ ಹಾಗೆ ಬೀಸುತ್ತದೆ. ಅದಕ್ಕೆ ಸಿಕ್ಕಿ ಬ್ರೇಕ್ ಪೈಪ್ ಕಿತ್ತುಹೋದದ್ದನ್ನು ನೋಡಿದ್ದೇನೆ. ಹೊಸ ಉಕ್ಕಿನಲ್ಲಿ ಎರಡು ತುದಿಗೂ ಸರಿಯಾದ ಹಲ್ಲು ಕೊರೆಸಿ, ಹದ ಹಾಕಿಸಿ ತನ್ನಿ. ಬೆಂಗಳೂರಿನ ಪೀಣ್ಯದಲ್ಲಿ ಇಂಥ ಕೆಲಸ ಮಾಡುವ ಸಣ್ಣ ಶೆಡ್‌ಗಳಿವೆ. ದುಬಾರಿಯೇ, ಆದರೆ ಇದರಲ್ಲಿ ಜುಗ್ಗತನ ಬೇಡ.

ಇನ್ನೊಂದು ವಿಷಯ. ಎಂಜಿನ್ ಸ್ವಲ್ಪ ಮೇಲೆ ಕೆಳಗೆ ಕೂತರೆ ಆಕ್ಸಲ್ ಕೋನ ಕೆಡುತ್ತದೆ. ಗಾಡಿ ನೆಲದ ಮೇಲೆ ನಿಂತಿರುವಾಗ ಅಳತೆ ತೆಗೆಯಿರಿ. ಜಾಕ್ ಮೇಲೆ ಚಕ್ರ ಜೋತಾಡುತ್ತಿರುವಾಗ ತೆಗೆದ ಅಳತೆ ಕೆಲಸಕ್ಕೆ ಬಾರದು.

ಪಾಲಿಯೋ_ಹಾಸನ
ಆಯಿತು ಅಣ್ಣ. ಇನ್ನು ವೈರಿಂಗ್. ಎರಡು ಗಾಡಿಯ ವೈರ್ ಬಿಚ್ಚಿ ನೆಲದ ಮೇಲೆ ಹರಡಿದ್ದೇನೆ. ಸೇವಿಗೆ ಒತ್ತಿದ ಹಾಗೆ ಕಾಣುತ್ತಿದೆ.

ವೈರಿಂಗ್_ಬಸಣ್ಣ
ಅಯ್ಯೋ, ಆಗಲೇ ಬಿಚ್ಚಿಬಿಟ್ಟಿರಾ? ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಮೊದಲೇ ಹೇಳಬೇಕಿತ್ತು. ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷದಿಂದ ಆಟೋ ಎಲೆಕ್ಟ್ರಿಷಿಯನ್ ಕೆಲಸ ನನ್ನದು. ಮುಂದೆ ಬರುವವರಿಗಾದರೂ ಇರಲಿ ಎಂದು ಬರೆಯುತ್ತೇನೆ.

ಓಡುವ ಗಾಡಿಯಿಂದ ವೈರಿಂಗ್ ತೆಗೆಯುವಾಗ ಎಂಜಿನ್ ಅದರಲ್ಲೇ ಇರುವಾಗಲೇ ಶುರು ಮಾಡಬೇಕು. ಮೊದಲು ಬ್ಯಾಟರಿ ಕಳಚಿ, ಸ್ವಲ್ಪ ಹೊತ್ತು ಬಿಟ್ಟು ಏರ್‌ಬ್ಯಾಗ್ ಕನೆಕ್ಟರ್ ಬಿಡಿಸಿ. ಅದರ ಹತ್ತಿರ ಆಟ ಬೇಡ. ಆಮೇಲೆ ಮತ್ತೆ ಬ್ಯಾಟರಿ ಕೊಟ್ಟು, ಕಿಟಕಿ ಮೋಟಾರ್ ವೈರ್ ಬಿಡಿಸಿ ಸ್ಟಾರ್ಟ್ ಮಾಡಿ. ಆಯಿತಾ? ಮ್ಯೂಸಿಕ್ ಸಿಸ್ಟಮ್ ಬಿಡಿಸಿ, ಸ್ಟಾರ್ಟ್ ಮಾಡಿ. ಹಿಂದಿನ ಲೈಟು, ವೈಪರ್, ಎಸಿ... ಹೀಗೆ ಒಂದೊಂದೇ. ಯಾವುದು ಬಿಡಿಸಿದಾಗ ಎಂಜಿನ್ ನಿಂತಿತೋ ಅದು ಬೇಕಾದ ವೈರ್. ಅದನ್ನು ವಾಪಸ್ ಹಾಕಿ, ಬಿಳಿ ಟೇಪ್ ಸುತ್ತಿ ಹೆಸರು ಬರೆಯಿರಿ. ಕೊನೆಗೆ ಎಂಜಿನ್ ಓಡಲು ಎಷ್ಟು ಬೇಕೋ ಅಷ್ಟೇ ವೈರ್ ಉಳಿಯುತ್ತದೆ. ಸೇವಿಗೆ ಆಗುವುದಿಲ್ಲ.

ಈಗ ನಿಮ್ಮ ವಿಷಯ. ಎಂಜಿನ್ ಇಸಿಯು, ಡ್ಯಾಶ್‌ಬೋರ್ಡ್ ಕೆಳಗಿನ ಬಾಡಿ ಕಂಪ್ಯೂಟರ್, ಕೀಲಿಯೊಳಗಿನ ಚಿಪ್. ಈ ಮೂರಕ್ಕೂ ಮದುವೆಯಾಗಿದೆ. ಒಂದನ್ನು ಬಿಟ್ಟು ಇನ್ನೊಂದು ಬರುವುದಿಲ್ಲ. ಕೀಲಿಯ ರಂಧ್ರದ ಸುತ್ತ ಒಂದು ಬಳೆಯಂಥ ಆಂಟೆನಾ ಇರುತ್ತದೆ, ಅದನ್ನೂ ತನ್ನಿ. ಮೀಟರ್ ಬೋರ್ಡ್ ಕೂಡ ಲಿನಿಯಾದ್ದೇ ಹಾಕಿ, ಇಲ್ಲದಿದ್ದರೆ ಬಿಸಿ, ಎಣ್ಣೆ ಒತ್ತಡದ ದೀಪ ಯಾವುದೂ ತಿಳಿಯುವುದಿಲ್ಲ. ಆಕ್ಸಿಲರೇಟರ್ ಪೆಡಲ್ ಲಿನಿಯಾದಲ್ಲಿ ಎಲೆಕ್ಟ್ರಾನಿಕ್, ಹಾಗಾಗಿ ಅದೂ ಬರಬೇಕು. ಬೇರೆ ಕಂಪನಿಯ ಸ್ವತಂತ್ರ ಇಸಿಯು ಹಾಕುವ ದಾರಿಯೂ ಇದೆ. ಆದರೆ ಆಗ ಪೆಟ್ರೋಲ್ ಎಷ್ಟು, ಕಿಡಿ ಯಾವಾಗ ಎನ್ನುವ ಲೆಕ್ಕವನ್ನೆಲ್ಲ ಹೊಸದಾಗಿ ಕೂತು ಬರೆಸಬೇಕು. ಕಂಪನಿ ಬರೆದ ಲೆಕ್ಕ ಕೈಯಲ್ಲಿರುವಾಗ ಅದು ಯಾಕೆ ರೀ?

ಅರ್ತಿಂಗ್ ಮರೆಯಬೇಡಿ. ಬ್ಯಾಟರಿಯಿಂದ ಬಾಡಿಗೆ ಒಂದು, ಎಂಜಿನ್‌ನಿಂದ ಬಾಡಿಗೆ ಒಂದು. ಪೇಂಟ್ ಕೆರೆದು ಬರೀ ಲೋಹಕ್ಕೆ ಹಾಕಿ. ನನ್ನ ಹತ್ತಿರ ಬರುವ ಅರ್ಧ ಗಾಡಿಗಳ ರೋಗ ಅದೊಂದೇ.

ಪಾಲಿಯೋ_ಹಾಸನ (ಎರಡು ತಿಂಗಳ ನಂತರ)
ಸ್ಟಾರ್ಟ್ ಆಯಿತು! ಬಸಣ್ಣ ಅವರಿಗೆ ದೊಡ್ಡ ನಮಸ್ಕಾರ. ವೀಡಿಯೋ ಕಾಲ್‌ನಲ್ಲಿ ನಾಲ್ಕು ಭಾನುವಾರ ಕೂತರು, ದುಡ್ಡು ಬೇಡ ಅಂದರು. ಊರಿಗೆ ಬಂದರೆ ಊಟ ನನ್ನದು.

ಆದರೆ ಒಂದು ತೊಂದರೆ. ನಿಂತಲ್ಲಿ ರೇಸ್ ಮಾಡಿದರೆ ಚೆನ್ನಾಗಿದೆ. ತೋಟದ ರಸ್ತೆಯಲ್ಲಿ ಪೂರ್ತಿ ತುಳಿದರೆ 3500 ಆರ್‌ಪಿಎಂ ಹತ್ತಿರ ಮುಗ್ಗರಿಸುತ್ತದೆ. ಕಾಲು ತೆಗೆದರೆ ಸರಿ. ಪ್ಲಗ್, ಕಾಯಿಲ್ ಬದಲಿಸಿದೆ. ಬೂಸ್ಟ್ ಪೈಪ್ ಕ್ಲಿಪ್‌ಗಳಿಗೆ ಸೋಪು ನೀರು ಹಾಕಿ ನೋಡಿದೆ, ಗುಳ್ಳೆ ಬರಲಿಲ್ಲ.

ಬೂಸ್ಟ್_ಬೇಕು
ಟರ್ಬೊ ಸತ್ತಿದೆ. ದೊಡ್ಡದು ಹಾಕಿ.

ಕುಡ್ಲ_ಸರ್ವಿಸ್
ಪೂರ್ತಿ ತುಳಿಯುವುದನ್ನು ಈ ಕ್ಷಣ ನಿಲ್ಲಿಸಿ. ಬೂಸ್ಟ್ ಇರುವಾಗ ಪೆಟ್ರೋಲ್ ಸಾಲದಿದ್ದರೆ ಒಳಗಿನ ಬಿಸಿ ಏರಿ ಪಿಸ್ಟನ್ ಕರಗುವುದು. ಪೆಟ್ರೋಲ್ ಪಂಪ್ ಯಾವುದು?

ಪಾಲಿಯೋ_ಹಾಸನ
ಲಿನಿಯಾದ್ದೇ ಪಂಪ್ ಅಣ್ಣ. ವೈರ್ ಮಾತ್ರ ಪಾಲಿಯೋದ ಹಳೆಯದು.

ವೈರಿಂಗ್_ಬಸಣ್ಣ
ಸಿಕ್ಕಿತು. ಪಂಪಿನ ತುದಿಯಲ್ಲೇ ಮೀಟರ್ ಹಿಡಿದು ವೋಲ್ಟ್ ನೋಡಿ. ನಿಂತಾಗ ಅಲ್ಲ, ಯಾರಾದರೂ ಓಡಿಸುತ್ತಿರುವಾಗ. ಉದ್ದ ವೈರ್ ಎಳೆದು ಮೀಟರ್ ಕೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲಿ ಕೂತುಕೊಳ್ಳಿ.

ಪಾಲಿಯೋ_ಹಾಸನ
ನಿಂತಾಗ 13.1. ತುಳಿದಾಗ 10.4!

ವೈರಿಂಗ್_ಬಸಣ್ಣ
ಇಪ್ಪತ್ತು ವರ್ಷದ ವೈರ್, ಒಳಗೆ ತಾಮ್ರ ಹಸಿರಾಗಿರುತ್ತದೆ. ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆಯಿರಿ, ನಡುವೆ ಫ್ಯೂಸ್ ಮತ್ತು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್). ಹಳೇ ವೈರ್ ರಿಲೇ ಎಬ್ಬಿಸುವುದಕ್ಕೆ ಮಾತ್ರ. ಫ್ಯೂಸ್ ಬ್ಯಾಟರಿಯ ಹತ್ತಿರ ಇರಲಿ.

ಪಾಲಿಯೋ_ಹಾಸನ (ಒಂದು ವಾರದ ನಂತರ)
380 ರೂಪಾಯಿಯ ವೈರ್, ರಿಲೇ. ಈಗ ಮುಗ್ಗರಿಸುವುದಿಲ್ಲ. ಎರಡು ಸಾವಿರ ಆರ್‌ಪಿಎಂ ದಾಟಿದ ಮೇಲೆ ಹಿಂದಿನಿಂದ ಯಾರೋ ಕುತ್ತಿಗೆ ಹಿಡಿದು ತಳ್ಳಿದ ಹಾಗೆ ಆಗುತ್ತದೆ. ಮಣ್ಣಿನಲ್ಲಿ ಎರಡನೇ ಗೇರಿನಲ್ಲೂ ಮುಂದಿನ ಚಕ್ರ ಸುಮ್ನೆ ತಿರುಗುತ್ತದೆ. ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತದೆ, ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಬ್ರೇಕ್ ಬಗ್ಗೆ ಹಳೇ ಪದ್ಮಿನಿ ಸಾರ್ ಹೇಳಿದ್ದನ್ನು ಪೂರ್ತಿ ಪಾಲಿಸಲಾಗಲಿಲ್ಲ. ಮುಂದಿನ ಡಿಸ್ಕ್, ಕ್ಯಾಲಿಪರ್ ಲಿನಿಯಾದ್ದು ಕೂತಿತು. ಹಿಂದೆ ಇನ್ನೂ ಡ್ರಮ್ಮೇ.

ಒಟ್ಟು ಖರ್ಚು ಕೇಳುವವರಿಗೆ: 2 ಲಕ್ಷ 64 ಸಾವಿರ. ಅದರಲ್ಲಿ ಆಕ್ಸಲ್ ಎರಡೇ 31 ಸಾವಿರ. ಲಿನಿಯಾದ ಸಾಮಾನು ಮಾರಿ 38 ಸಾವಿರ ವಾಪಸ್ ಬಂದಿದೆ. ಅರ್ಧ ಬರುತ್ತದೆ ಅಂದಿದ್ದ ಅಣ್ಣನ ಮೇಲೆ ಸಣ್ಣ ಸಿಟ್ಟಿದೆ. ಪ್ರತಿ ಸಲ ತೋಟಕ್ಕೆ ಒಯ್ಯಲು ಟೋಯಿಂಗ್‌ಗೆ ಐದು ಸಾವಿರ. ಎಂಜಿನ್‌ಗಿಂತ ಇದೇ ಹೊಟ್ಟೆ ಉರಿಸುತ್ತದೆ.

ಹಳೇ_ಪದ್ಮಿನಿ
ಅಪ್ಪ ಏನಂದರು?

ಪಾಲಿಯೋ_ಹಾಸನ
ಒಂದು ರೌಂಡ್ ಪಕ್ಕದಲ್ಲಿ ಕೂತು ಬಂದರು ಸಾರ್. ಇಳಿದು ಬಾಗಿಲು ಹಾಕಿ, ಇನ್ನೊಂದು ಸಲ ತೆಗೆದು ಹಾಕಿ ಸದ್ದು ಕೇಳಿದರು. ಆಮೇಲೆ "ಎಸಿ ಎಲ್ಲಿ ಹೋಯಿತೋ?" ಅಂದರು. ಇಂಟರ್‌ಕೂಲರ್‌ಗೆ ಜಾಗ ಮಾಡಲು ಎಸಿಯ ಕಂಡೆನ್ಸರ್ ತೆಗೆದದ್ದನ್ನು ಇನ್ನೂ ಹೇಳಿಲ್ಲ.

ಆರ್‌ಸಿ_ಪುಸ್ತಕ
ಆರ್‌ಸಿ ರದ್ದಾಯಿತಾ?

ಪಾಲಿಯೋ_ಹಾಸನ
ಅರ್ಜಿ ಕೊಟ್ಟು ಬಂದೆ ಸಾರ್. ನಂಬರ್ ಪ್ಲೇಟ್ ಬಿಚ್ಚುವಾಗ ಕೈ ಸ್ವಲ್ಪ ತಡೆಯಿತು. ಅದು ಈಗ ಶೆಡ್ಡಿನ ಗೋಡೆ ಮೇಲಿದೆ.

ಅಂದ ಹಾಗೆ, ಲಿನಿಯಾದ ಮುಂದಿನ ಎರಡು ಬಾಗಿಲು, ಒಂದು ಹೆಡ್‌ಲೈಟು, ಸ್ಟೆಪ್ನಿ ಉಳಿದಿವೆ. ಪಾಲಿಯೋದ 1.2 ಎಂಜಿನ್ ಕೂಡ ಇದೆ, ಎಣ್ಣೆ ಕುಡಿಯುವುದಿಲ್ಲ, ಘಾಟಿಯನ್ನೂ ಹತ್ತುವುದಿಲ್ಲ. ಬೇಕಾದವರು ಮೆಸೇಜ್ ಮಾಡಿ, ಹಾಸನಕ್ಕೇ ಬಂದು ಒಯ್ಯಬೇಕು.